ಔಟ್‌ಲೈನ್‌ನಲ್ಲಿ ಕಾಣದ ಬಳುವಳಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರ. ನಿಮ್ಮ ಭಾನುವಾರದ ಪುರವಣಿಯಲ್ಲಿ ಹುಡುಗರಿಗೆ ಪ್ರೋಗ್ರಾಮಿಂಗ್ ಹೇಳಿಕೊಡುವ ಅಂಕಣ ಬರುತ್ತಿದೆ ಅಲ್ವಾ, ಈ ಪತ್ರ ಅದರ ಬಗ್ಗೆ. ಅಂಕಣ ಚೆನ್ನಾಗಿದೆ. ನಾನು ಕಲಿಯುವಾಗ ಜಾವಾ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಬಗ್ಗೆ ಕನ್ನಡದಲ್ಲಿ ಒಂದು ಸಾಲು ಓದಿದ ನೆನಪೂ ನನಗಿಲ್ಲ. ಆದರೆ ಹೋದ ವಾರ ಅದರಲ್ಲಿ ಒಂದು ವಾಕ್ಯ ತಪ್ಪಾಗಿ ಬಂದಿದೆ. ಚಿಕ್ಕ ತಪ್ಪೇ. ಆದರೂ ಅದರಿಂದ ಒಬ್ಬ ಹುಡುಗನ ಎರಡು ದಿನ ಹಾಳಾಯಿತು, ನಮ್ಮ ಮನೆಯಲ್ಲಿ ಒಂದು ಸಂಜೆ ಪೂರ್ತಿ ವಾದ ನಡೆಯಿತು.

ವಾಕ್ಯ ಹೀಗಿತ್ತು: ವಿಎಸ್ ಕೋಡ್ ಎಡಿಟರಿನ ಎಡಗಡೆ ಇರುವ ಔಟ್‌ಲೈನ್ ತೆರೆದರೆ ಒಂದು ಕ್ಲಾಸಿನಲ್ಲಿ ಏನೇನಿದೆಯೋ ಎಲ್ಲವೂ ಕಾಣುತ್ತದೆ.

ಕಾಣುವುದಿಲ್ಲ. ಆ ಫೈಲಿನಲ್ಲಿ ಬರೆದಿರುವುದು ಮಾತ್ರ ಕಾಣುತ್ತದೆ. ಹೊಸಬರಿಗೆ ಹೇಳುವುದಾದರೆ, ಎಡಿಟರ್ ಅಂದರೆ ಕೋಡ್ ಬರೆಯುವ ಸಾಧನ, ಔಟ್‌ಲೈನ್ ಅಂದರೆ ಕೋಡಿನಲ್ಲಿರುವ ಹೆಸರುಗಳ ಪಟ್ಟಿ. ಕ್ಲಾಸ್ ಅಂದರೆ ಮಾಹಿತಿಯನ್ನೂ ಅದರ ಮೇಲೆ ಕೆಲಸ ಮಾಡುವ ಮೆಥಡ್‌ಗಳನ್ನೂ ಒಟ್ಟಿಗೆ ಕಟ್ಟಿದ ಗಂಟು. ಒಂದು ಕ್ಲಾಸನ್ನು ಇನ್ನೊಂದರ ಆಧಾರದ ಮೇಲೆ ಬರೆದರೆ ಆ ಇನ್ನೊಂದು ಅದಕ್ಕೆ ಅಪ್ಪನಿದ್ದಂತೆ. ಆ ಕ್ಲಾಸಿಗೆ ಅದರ ಅಪ್ಪನಿಂದ, ಅಜ್ಜನಿಂದ, ಮುತ್ತಜ್ಜನಿಂದ ಬಂದದ್ದು, ಅಂದರೆ ನಿಮ್ಮ ಅಂಕಣ ಬಳುವಳಿ ಅನ್ನುವುದು, ಅಲ್ಲಿ ಇರುವುದೇ ಇಲ್ಲ. ನಂಬಿಕೆ ಬರದಿದ್ದರೆ ಅಂಕಣ ಬರೆಯುವವರು ಒಂದು ಖಾಲಿ ಕ್ಲಾಸ್ ಬರೆದು ನೋಡಲಿ. ಹೆಸರು ಕೊಟ್ಟು, ಬ್ರ್ಯಾಕೆಟ್ ತೆರೆದು, ಒಳಗೆ ಏನೂ ಹಾಕದೆ ಮುಚ್ಚಲಿ. ಔಟ್‌ಲೈನ್‌ನಲ್ಲಿ ಒಂದೇ ಒಂದು ಹೆಸರು ಇರುತ್ತದೆ. ಆದರೆ ಜಾವಾದಲ್ಲಿ ಎಲ್ಲ ಕ್ಲಾಸುಗಳ ಮೂಲಪುರುಷ ಆಬ್ಜೆಕ್ಟ್ ಅನ್ನುವ ಕ್ಲಾಸ್. ಅದರ 11 ಮೆಥಡ್‌ಗಳು ಆ ಖಾಲಿ ಕ್ಲಾಸಿಗೂ ಬಂದಿರುತ್ತವೆ. ಈಕ್ವಲ್ಸ್, ಹ್ಯಾಶ್‌ಕೋಡ್, ಟು‌ಸ್ಟ್ರಿಂಗ್, ಮೂರು ಬಗೆಯ ವೇಟ್, ಹೀಗೆ. ಖಾಲಿ ಅಂತ ಕಾಣುವುದು ಖಾಲಿಯಲ್ಲ.

ಈಗ ಹುಡುಗನ ಕಥೆ.

ನಾವಿರುವುದು ಪುಣೆಯ ಕೋಥ್ರೂಡ್‌ನಲ್ಲಿ. ಊರು ಧಾರವಾಡ. ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಜಾವಾ ಬರೆದೇ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದೇನೆ. ದಿನಾ ಹಿಂಜೆವಾಡಿಗೆ ಹೋಗಿಬರುತ್ತೇನೆ. ಆ ರಸ್ತೆಯ ಬಗ್ಗೆ ಬೇರೆಯೇ ಪತ್ರ ಬರೆಯಬೇಕು, ಈಗ ಬೇಡ. ನಮ್ಮ ಕೆಳಗಿನ ಮನೆಯವರು ಹುಬ್ಬಳ್ಳಿ ಕಡೆಯವರು. ಅವರ ಮಗ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದಾನೆ. ನಮ್ಮ ಸೊಸೈಟಿಯ ಗಣಪತಿಗೆ ವರ್ಗಣಿ ಕೊಟ್ಟವರಿಗೆ (ಚಂದಾಕ್ಕೆ ಇಲ್ಲಿ ಹಾಗನ್ನುತ್ತಾರೆ) ಪ್ರತಿ ವರ್ಷ ಕೈಯಲ್ಲೇ ರಸೀದಿ ಬರೆಯುವುದು ರೂಢಿ. ಈ ಸಲ ಕಂಪ್ಯೂಟರಿನಲ್ಲಿ ಮಾಡಿಕೊಡುತ್ತೇನೆ ಅಂತ ಇವನು ಮುಂದೆ ಬಂದ. ಮನೆ ನಂಬರ್ ಒತ್ತಿದರೆ ರಸೀದಿ ಪರದೆಯ ಮೇಲೆ ಬರಬೇಕು, ಆಮೇಲೆ ಪ್ರಿಂಟ್. ಕಾಲೇಜಿನ ಪ್ರಾಜೆಕ್ಟೂ ಆಯಿತು, ದೇವರ ಕೆಲಸವೂ ಆಯಿತು.

ಎರಡು ದಿನ ಅವನು ಕಾಣಿಸಲಿಲ್ಲ. ಮೂರನೇ ದಿನ ಸಂಜೆ ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಬಂದ. ನನ್ನನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಾನೆ.

"ಕಾಕು, ಪ್ಯಾನೆಲ್ ಪೂರಾ ಬೆಳ್ಳಗ ಆಗವಲ್ದು."

ನೋಡಿದೆ. ರಸೀದಿ ಕಾಣಬೇಕಾದ ಜಾಗದಲ್ಲಿ ಮೇಲುಗಡೆ ಸಣ್ಣದೊಂದು ಬಿಳಿ ಪಟ್ಟಿ ಮಾತ್ರ ಇತ್ತು, ಒಂದು ಬಳಪದ ಕಡ್ಡಿಯಷ್ಟು ದಪ್ಪ. ಅದರ ಕೆಳಗೆ ಏನೂ ಇಲ್ಲ. ಬಣ್ಣ ಬದಲಿಸಿ ನೋಡಿದ್ದನಂತೆ, ಕಿಟಕಿಯ ಅಳತೆ ಬದಲಿಸಿ ನೋಡಿದ್ದನಂತೆ, ಜಾವಾವನ್ನೇ ತೆಗೆದು ಮತ್ತೆ ಹಾಕಿದ್ದನಂತೆ. ಅದೊಂದು ಚಟ ಈ ಹುಡುಗರಿಗೆ.

ಅವನ ಫೈಲನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡು ಎಕ್ಲಿಪ್ಸ್ ಅನ್ನುವ ಇನ್ನೊಂದು ಎಡಿಟರಿನಲ್ಲಿ ತೆರೆದೆ. ನಾನು ಹಳೇ ಕಾಲದವಳು, ಇನ್ನೂ ಎಕ್ಲಿಪ್ಸ್ ಬಿಟ್ಟಿಲ್ಲ. ತೆರೆದ ಕೂಡಲೇ ಒಂದು ಮೆಥಡ್ ಪಕ್ಕದಲ್ಲಿ, ಎಡಗಡೆಯ ಅಂಚಿನಲ್ಲಿ, ಪುಟ್ಟ ಹಸಿರು ತ್ರಿಕೋನ ಕಂಡಿತು. ಆ ತ್ರಿಕೋನಕ್ಕೆ ಒಂದೇ ಅರ್ಥ: ನೀನು ಬರೆದದ್ದು ಹಿರಿಯರ ಯಾವುದೋ ಮೆಥಡ್‌ನ ಮೇಲೆ ಕೂತಿದೆ. ಮೆಥಡ್‌ನ ಹೆಸರು ಗೆಟ್‌ಹೈಟ್.

"ಇದನ್ನ ಯಾಕ ಬರದಿ?"

"ರಸೀದಿ ಎತ್ತರ ಬೇಕಲ್ಲ ಕಾಕು. ಹದಿನಾಲ್ಕು ಸೆಂಟಿಮೀಟರ್."

"ಗೆಟ್‌ಹೈಟ್ ಮೊದಲೇ ಅದ ಅಲ್ಲೆ."

"ಇಲ್ಲ. ಔಟ್‌ಲೈನ್‌ನಾಗ ನೋಡೇ ಬರದೀನಿ."

"ಔಟ್‌ಲೈನ್ ಪೂರ್ತಿ ತೋರಿಸೂದಿಲ್ಲೋ."

"ತೋರಿಸ್ತದ. ಪೇಪರ್‌ನಾಗ ಬಂದದ ಕಾಕು!"

ಹಾಗಂದವನೇ ಮೊಬೈಲಿನಲ್ಲಿ ನಿಮ್ಮ ಪುರವಣಿ ತೆರೆದು ತೋರಿಸಿದ. ಒಳಗೆ ಕೂತಿದ್ದ ನಮ್ಮ ಅತ್ತೆಯವರೂ ಅವನ ಕಡೆಯೇ ಆದರು. ನಲವತ್ತು ವರ್ಷದಿಂದ ನಿಮ್ಮ ಪತ್ರಿಕೆ ಓದುವವರು ಅವರು. ಪೇಪರಿನವರು ಸುಮ್ನೆ ಬರೀತಾರೇನು ಅಂದರು. ಪತ್ರ ಬರೆಯಲೇಬೇಕು ಅಂತ ನನಗೆ ಅನಿಸಿದ್ದು ಆ ಹೊತ್ತಿಗೆ.

ಆದದ್ದೇನು ಅಂತ ಹೇಳಿಬಿಡುತ್ತೇನೆ, ಅಂಕಣದವರಿಗೂ ಉಪಯೋಗಕ್ಕೆ ಬರಬಹುದು. ಹುಡುಗನ ಕ್ಲಾಸ್ ಜೆಪ್ಯಾನೆಲ್‌ನ ಮಗ (ಪರದೆಯ ಮೇಲೆ ಹಾಳೆಯಂಥ ಜಾಗ ತೋರಿಸಲು ಜಾವಾದಲ್ಲೇ ಇರುವ ಸಿದ್ಧ ಕ್ಲಾಸ್ ಅದು). ಜೆಪ್ಯಾನೆಲ್‌ನ ಅಪ್ಪ ಜೆಕಾಂಪೊನೆಂಟ್, ಅದರ ಅಪ್ಪ ಕಂಟೇನರ್, ಅದರ ಅಪ್ಪ ಕಾಂಪೊನೆಂಟ್, ಅದರ ಅಪ್ಪ ಆಬ್ಜೆಕ್ಟ್. ಮೇಲೆ ಐದು ತಲೆಮಾರು. ಪರದೆಯ ಮೇಲೆ ಒಂದು ಪ್ಯಾನೆಲ್‌ಗೆ ಬಣ್ಣ ಬಳಿಯುವಾಗ ಜಾವಾ ಆ ಪ್ಯಾನೆಲ್‌ನ ಗೆಟ್‌ಹೈಟ್ ಅನ್ನು ಕರೆದು ಎತ್ತರ ಎಷ್ಟು ಅಂತ ಕೇಳುತ್ತದೆ. ಉತ್ತರ ಪಿಕ್ಸೆಲ್‌ನಲ್ಲಿ ಬರಬೇಕು. ಇವನು ಅದೇ ಹೆಸರಿನಲ್ಲಿ ಇನ್ನೊಂದು ಬರೆದು ಸೆಂಟಿಮೀಟರ್ ಲೆಕ್ಕದಲ್ಲಿ 14 ಅಂತ ಉತ್ತರ ಕೊಡಿಸಿದ್ದ. ಜಾವಾ ಪಾಪ, 14 ಪಿಕ್ಸೆಲ್ ಎತ್ತರಕ್ಕೆ ಬಣ್ಣ ಬಳಿದು ಕೆಲಸ ಮುಗೀತು ಅಂತ ಕೈ ತೊಳೆದುಕೊಂಡಿತು. ಬಳಪದ ಕಡ್ಡಿಯಷ್ಟು ಪಟ್ಟಿ ಬಂದದ್ದು ಹಾಗೆ.

ಇದರಲ್ಲಿ ಒಂದು ವಿಚಿತ್ರ ಉಂಟು. ಅವನು ಎತ್ತರವನ್ನು 14.5 ಅಂತ ದಶಮಾಂಶದಲ್ಲಿ ಇಟ್ಟು, ಮೆಥಡ್ ಕೊಡುವ ಉತ್ತರವನ್ನು ಡಬಲ್ (ದಶಮಾಂಶ ಸಂಖ್ಯೆಗೆ ಜಾವಾ ಇಟ್ಟ ಹೆಸರು) ಅಂತ ಬರೆದಿದ್ದರೆ, ಕೋಡನ್ನು ಪರೀಕ್ಷಿಸಿ ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ಅಲ್ಲೇ ಹಿಡಿಯುತ್ತಿತ್ತು. ಅಪ್ಪನ ಮೆಥಡ್ ಇಂಟ್ (ಪೂರ್ಣಾಂಕ) ಕೊಡುತ್ತದೆ, ನೀನು ಡಬಲ್ ಕೊಡುತ್ತಿದ್ದೀಯ, ಹೊಂದುವುದಿಲ್ಲ ಅಂತ ಕೆಂಪು ಗೆರೆ ಬರುತ್ತಿತ್ತು. ಪಬ್ಲಿಕ್ ಅನ್ನುವ ಪದ ಮರೆತಿದ್ದರೂ ಬೈಯುತ್ತಿತ್ತು. ಆದರೆ ಇವನು ಅಚ್ಚುಕಟ್ಟಿನ ಹುಡುಗ. ಪಬ್ಲಿಕ್ ಹಾಕಿದ್ದ, ಇಂಟ್ ಹಾಕಿದ್ದ. ಎಲ್ಲ ಸರಿಯಾಗಿ ಬರೆದದ್ದಕ್ಕೇ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ.

ಅವನ ಮೆಥಡ್‌ನ ಸಾಲುಗಳನ್ನು ಕಾಮೆಂಟ್ ಮಾಡಿ ಪಕ್ಕಕ್ಕಿಟ್ಟು, ಕಂಟ್ರೋಲ್ ಒತ್ತಿ ಹಿಡಿದು ಓ ಒತ್ತಿದೆ. ಎಕ್ಲಿಪ್ಸ್‌ನಲ್ಲಿ ಚಿಕ್ಕ ಕಿಟಕಿ ಬಂದು ಅವನದೇ ನಾಲ್ಕಾರು ಹೆಸರು ತೋರಿಸಿತು. "ನೋಡ್ರಿ, ನಾ ಹೇಳ್ಲಿಲ್ಲ?" ಅಂದ. ಅದೇ ಕಂಟ್ರೋಲ್-ಓ ಇನ್ನೊಂದು ಸಲ ಒತ್ತಿದೆ. ಪಟ್ಟಿ ದಡದಡ ಅಂತ ಬೆಳೆಯಿತು. ಉರುಳಿಸಿದಷ್ಟೂ ಮುಗಿಯಲಿಲ್ಲ. ಮೇಲಿನ ಪೆಟ್ಟಿಗೆಯಲ್ಲಿ ಗೆಟ್‌ಹೈ ಅಂತ ಟೈಪ್ ಮಾಡಿದೆ, ಪಟ್ಟಿ ಸೋಸಿ ಗೆಟ್‌ಹೈಟ್ ಎದುರಿಗೆ ಬಂತು. ಎಂಟರ್ ಒತ್ತಿದರೆ ಅದು ಇರುವ ಹಿರಿಯರ ಮನೆಗೇ ಕರೆದುಕೊಂಡು ಹೋಯಿತು, ಜೆಕಾಂಪೊನೆಂಟ್‌ಗೆ.

ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅತ್ತೆಯವರು ಮಾತ್ರ, ಹಾಗಾದ್ರೆ ಪೇಪರಿನವರಿಗೆ ಒಂದು ಪತ್ರ ಹಾಕು ಅಂದರು.

ಸಂಪಾದಕರೇ, ನಾನು ವಿಎಸ್ ಕೋಡ್ ಅನ್ನು ದೂರುತ್ತಿಲ್ಲ. ಹಗುರ, ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಹುಡುಗರಿಗೆ ಅದನ್ನೇ ಹೇಳಿದ್ದು ಸರಿ. ಆದರೆ ಅದರ ಔಟ್‌ಲೈನ್ ಹೀಗಿರುವುದಕ್ಕೆ ಕಾರಣವಿದೆ. ಆ ಎಡಿಟರಿಗೆ ಸ್ವಂತವಾಗಿ ಜಾವಾ ಬರುವುದಿಲ್ಲ. ಹಿಂದೆ ಇನ್ನೊಂದು ಪ್ರೋಗ್ರಾಂ ಕೂತಿರುತ್ತದೆ, ಲ್ಯಾಂಗ್ವೇಜ್ ಸರ್ವರ್ ಅಂತ. ಎಡಿಟರ್ ಅದಕ್ಕೆ ಪ್ರಶ್ನೆ ಕೇಳುತ್ತದೆ, ಅದು ಉತ್ತರ ಕೊಡುತ್ತದೆ. ಇಬ್ಬರ ನಡುವಿನ ಈ ಮಾತುಕತೆಯ ನಿಯಮಗಳನ್ನು ಮೈಕ್ರೋಸಾಫ್ಟ್ 2016ರಲ್ಲಿ ಹೊರಗೆ ತಂದಿತು. ಔಟ್‌ಲೈನ್‌ಗಾಗಿ ಕೇಳುವ ಪ್ರಶ್ನೆ ಇಷ್ಟೇ: ಈ ಫೈಲಿನಲ್ಲಿ ಯಾವ ಯಾವ ಹೆಸರುಗಳಿವೆ? ಕ್ಲಾಸಿನ ಬಗ್ಗೆ ಕೇಳುವುದೇ ಇಲ್ಲ, ಫೈಲಿನ ಬಗ್ಗೆ ಕೇಳುತ್ತದೆ. ಕೇಳಿದ್ದಕ್ಕೆ ಸರಿಯಾದ ಉತ್ತರವೇ ಬರುತ್ತದೆ. ಇದರ ಅಪ್ಪ ಯಾರು, ಮಕ್ಕಳು ಯಾರು ಅನ್ನುವ ಪ್ರಶ್ನೆ ಆ ನಿಯಮಗಳಿಗೆ ಸೇರಿದ್ದು 2022ರಲ್ಲಿ. ಈಗ ಕ್ಲಾಸಿನ ಹೆಸರಿನ ಮೇಲೆ ಬಲಗುಂಡಿ ಒತ್ತಿದರೆ ಶೋ ಟೈಪ್ ಹೈರಾರ್ಕಿ ಅಂತ ಬರುತ್ತದೆ. ಅದರಲ್ಲಿ ವಂಶಾವಳಿ ಕಾಣುತ್ತದೆ. ಆದರೆ ಬರೀ ಹಿರಿಯರ ಹೆಸರು. ಯಾರ ಹತ್ತಿರ ಏನಿದೆ ಅಂತ ತಿಳಿಯಬೇಕಾದರೆ ಒಬ್ಬೊಬ್ಬರ ಮನೆಗೂ ಹೋಗಿ ಬಾಗಿಲು ತಟ್ಟಬೇಕು.

ವಿಎಸ್ ಕೋಡ್‌ನಲ್ಲೇ ಇರಬೇಕು ಅನ್ನುವವರಿಗೆ ನಾನು ಹೇಳಿಕೊಡುವ ಉಪಾಯ ಬೇರೆ. ಸ್ಟ್ಯಾಟಿಕ್ ಅಲ್ಲದ ಯಾವುದಾದರೂ ಮೆಥಡ್ ಒಳಗೆ ಕರ್ಸರ್ ಇಟ್ಟು ದಿಸ್ (this) ಅಂತ ಬರೆದು ಚುಕ್ಕೆ ಇಡಿ. ಪಟ್ಟಿ ತಾನಾಗಿ ಬರದಿದ್ದರೆ ಕಂಟ್ರೋಲ್ ಮತ್ತು ಸ್ಪೇಸ್ ಒತ್ತಿ. ಆಗ ಬೀಳುವ ಪಟ್ಟಿಯಲ್ಲಿ ಸ್ವಂತದ್ದೂ ಇರುತ್ತದೆ, ಬಂದದ್ದೂ ಇರುತ್ತದೆ. ಹೊಸ ಮೆಥಡ್‌ಗೆ ಹೆಸರಿಡುವ ಮೊದಲು ಆ ಹೆಸರನ್ನು ಹೀಗೆ ಟೈಪ್ ಮಾಡಿ ನೋಡುವುದು ನನ್ನ ಅಭ್ಯಾಸ. ಹತ್ತು ಸೆಕೆಂಡ್ ಕೆಲಸ.

ಇಂಟೆಲಿಜೆ ಐಡಿಯಾ ಅನ್ನುವ ಎಡಿಟರ್ ಬಳಸುವವರು ಕಂಟ್ರೋಲ್ ಮತ್ತು ಎಫ್12 ಒತ್ತಬೇಕು, ಅದನ್ನೇ ಎರಡನೇ ಸಲ ಒತ್ತಿದರೆ ಬಳುವಳಿಯೂ ಬರುತ್ತದೆ. ಇಲ್ಲೊಂದು ತಮಾಷೆ ಹೇಳಲೇಬೇಕು. ಎಕ್ಲಿಪ್ಸ್‌ನಲ್ಲಿ ಔಟ್‌ಲೈನ್ ತೋರಿಸುವ ಆ ಕಂಟ್ರೋಲ್-ಓ ಇಂಟೆಲಿಜೆಯಲ್ಲಿ ಓವರ್‌ರೈಡ್ ಮಾಡಬಹುದಾದ, ಅಂದರೆ ಹಿರಿಯರದ್ದರ ಮೇಲೆ ಹೊಸದಾಗಿ ಬರೆಯಬಹುದಾದ, ಮೆಥಡ್‌ಗಳ ಪಟ್ಟಿ ತೆರೆಯುತ್ತದೆ. ವಿಎಸ್ ಕೋಡ್‌ನಲ್ಲಿ ಒತ್ತಿದರೆ, ಯಾವ ಫೈಲ್ ತೆರೆಯಲಿ ಅಂತ ಕೇಳುತ್ತದೆ. ನಮ್ಮ ಆಫೀಸಿನಲ್ಲಿ ಮೂರೂ ಎಡಿಟರ್ ಬಳಸುವವರಿದ್ದಾರೆ. ಇನ್ನೊಬ್ಬರ ಕೀಬೋರ್ಡಿನ ಮೇಲೆ ಕೈಯಿಟ್ಟರೆ ಅತ್ತೆಮನೆಗೆ ಹೊಸದಾಗಿ ಬಂದ ಸೊಸೆಯ ಹಾಗೆ, ಉಪ್ಪಿನ ಡಬ್ಬಿ ತೆಗೆದರೆ ಸಕ್ಕರೆ.

ಪೈಥಾನ್ ಭಾಷೆ ಕಲಿಯುವ ಹುಡುಗರಿಗೆ ಎಡಿಟರ್ ಹಂಗೂ ಬೇಡ. ಡಿರ್ ಅನ್ನುವ ಫಂಕ್ಷನ್‌ಗೆ ಕ್ಲಾಸಿನ ಹೆಸರು ಕೊಟ್ಟರೆ ಬಳುವಳಿ ಸಮೇತ ಹೆಸರುಗಳು ಬರುತ್ತವೆ. ವಾರ್ಸ್‌ಗೆ ಕೊಟ್ಟರೆ ಆ ಕ್ಲಾಸಿನ ಸ್ವಂತದ್ದು ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಒಂದೇ ನಿಮಿಷದಲ್ಲಿ ತಲೆಗೆ ಹೋಗುತ್ತದೆ.

ಬಳುವಳಿ ಅನ್ನುವ ಪದ ನನ್ನದಲ್ಲ, ನಿಮ್ಮ ಅಂಕಣದ್ದೇ. ನನಗೆ ತುಂಬ ಹಿಡಿಸಿತು. ಮೆಂಬರ್‌ಗೆ ಸದಸ್ಯ ಅಂತ ಹಾಕಿದ್ದು ಮಾತ್ರ ಹಿಡಿಸಲಿಲ್ಲ. ಸದಸ್ಯರು ಅಂದ ಕೂಡಲೇ ನಮ್ಮ ಸೊಸೈಟಿಯ ಮೀಟಿಂಗ್ ನೆನಪಾಗುತ್ತದೆ, ನೀರಿನ ಟ್ಯಾಂಕರಿನ ಜಗಳ ನೆನಪಾಗುತ್ತದೆ. ಮೆಥಡ್, ಫೀಲ್ಡ್ ಅಂತಲೇ ಬರೆಯಿರಿ, ಹುಡುಗರು ದಿನಾ ಅನ್ನುವುದೂ ಅದನ್ನೇ. ಬಳುವಳಿಯನ್ನು ಉಳಿಸಿಕೊಳ್ಳಿ. ನಮ್ಮ ಅತ್ತೆಯವರ ಅಡುಗೆಮನೆಯಲ್ಲಿ ತವರಿನಿಂದ ಬಂದ ಹಿತ್ತಾಳೆ ಪಾತ್ರೆಗಳಿವೆ. ಪ್ರತಿಯೊಂದರ ಅಂಚಿಗೂ ಕೊಟ್ಟವರ ಹೆಸರು ಕೆತ್ತಿಸಿದೆ. ಅವರಿಗೆ ಈಗ ಕಣ್ಣು ಮಂದ, ಅಂಚನ್ನು ಬೆರಳಿನಿಂದ ಸವರಿಯೇ ಇದು ಸೋದರಮಾವ ಕೊಟ್ಟದ್ದು, ಇದು ದೊಡ್ಡಪ್ಪ ಕೊಟ್ಟದ್ದು ಅನ್ನುತ್ತಾರೆ. ಎಡಿಟರಿನಿಂದ ನಾನು ಬಯಸುವುದೂ ಇಷ್ಟೇ. ಪಾತ್ರೆ ಕಪಾಟಿನಲ್ಲಿ ಕಾಣಬೇಕು, ಅಂಚಿನಲ್ಲಿ ಹೆಸರೂ ಇರಬೇಕು. ಒಂದು ವ್ಯತ್ಯಾಸ ಇದೆ ಅನ್ನಿ. ಕೊಟ್ಟ ಮೇಲೆ ಸೋದರಮಾವ ಬಂದು ಪಾತ್ರೆಯ ಆಕಾರ ಬದಲಿಸುವುದಿಲ್ಲ. ಕ್ಲಾಸಿನಲ್ಲಿ ಬದಲಿಸುತ್ತಾನೆ. ಅಪ್ಪನ ಕ್ಲಾಸಿನಲ್ಲಿ ಇವತ್ತು ಯಾರೋ ಒಂದು ಸಾಲು ತಿದ್ದಿದರೆ ನಾಳೆ ಎಲ್ಲ ಮಕ್ಕಳ ಮನೆಯಲ್ಲೂ ಅದರ ಪರಿಣಾಮ ಕಾಣುತ್ತದೆ.

ಹುಡುಗನಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನೂ ಅವನಿಗೆ ಹೇಳಿದೆ. ನಿಮಗೂ ಹೇಳುತ್ತೇನೆ. 2011ರಲ್ಲಿ ಬೇರೆ ಕಂಪನಿಯಲ್ಲಿದ್ದೆ. ಗ್ರಾಹಕರಿಗೆ ತಿಂಗಳ ಬಿಲ್ ಕಳಿಸುವ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆ. ತಡವಾಗಿ ಕಟ್ಟಿದವರಿಗೆ ದಂಡ ಹಾಕುವ ಒಂದು ಹೊಸ ಕ್ಲಾಸ್ ಬರೆಯಬೇಕಿತ್ತು. ಎಕ್ಲಿಪ್ಸ್ ತೆರೆದುಕೊಳ್ಳಲು ಎರಡು ನಿಮಿಷ ಹಿಡಿಯುತ್ತಿತ್ತು, ಊಟದ ಹೊತ್ತು ಬೇರೆ. ಸರ್ವರಿನಲ್ಲೇ ವಿಐ ಅನ್ನುವ ಸಾದಾ ಎಡಿಟರ್ ತೆರೆದು ಬರೆದುಬಿಟ್ಟೆ. ತಿಂಗಳ ಕೊನೆಗೆ ದಂಡದ ದರವನ್ನು ಸೊನ್ನೆ ಮಾಡಲು ಒಂದು ಮೆಥಡ್, ಅದಕ್ಕೆ ರೀಸೆಟ್ ಅಂತ ಹೆಸರು. ಇನ್ನೇನು ಹೆಸರಿಡುತ್ತಾರೆ?

ಅಜ್ಜನ ಕ್ಲಾಸಿನಲ್ಲಿ ಆಗಲೇ ಒಂದು ರೀಸೆಟ್ ಇತ್ತು. ಪ್ರಿಂಟಾಗುವ ಪಟ್ಟಿಯಲ್ಲಿ ಒಂದು ಪುಟ ಮುಗಿದಾಗ ಆ ಪುಟದ ಮೊತ್ತವನ್ನು ಸೊನ್ನೆ ಮಾಡುವುದು ಅದರ ಕೆಲಸ. ಒಂದು ಪುಟಕ್ಕೆ 40 ಬಿಲ್. ನಾನು 12 ಬಿಲ್ ಇಟ್ಟು ಪರೀಕ್ಷೆ ಮಾಡಿದ್ದೆ, ಎಲ್ಲ ಸರಿಯಾಗಿ ಬಂತು. ಮೊದಲ ಪುಟ ದಾಟಲೇ ಇಲ್ಲವಲ್ಲ! ನಿಜವಾದ ಬಿಲ್ ಓಡಿಸಿದಾಗ ಮೊದಲ ಪುಟದ ಕೊನೆಗೆ ಅಜ್ಜನ ಕೋಡ್ ರೀಸೆಟ್ ಅಂತ ಕೂಗಿತು, ನನ್ನದು ಓಗೊಟ್ಟಿತು. ದಂಡದ ದರ ಸೊನ್ನೆಯಾಯಿತು. 41ನೇ ಬಿಲ್‌ನಿಂದ ಯಾರಿಗೂ ದಂಡವೇ ಇಲ್ಲ. ಪುಟದ ಮೊತ್ತ ಮಾತ್ರ ಸೊನ್ನೆಯಾಗದೆ ಪುಟದಿಂದ ಪುಟಕ್ಕೆ ಬೆಳೆಯುತ್ತಾ ಹೋಯಿತು.

ಒಬ್ಬ ಗ್ರಾಹಕನೂ ಫೋನ್ ಮಾಡಲಿಲ್ಲ. ದಂಡ ಬೀಳದವನು ಯಾಕೆ ಮಾಡುತ್ತಾನೆ? ಲೆಕ್ಕದ ವಿಭಾಗದಲ್ಲಿ ಒಬ್ಬರು ಹಿರಿಯ ಹೆಂಗಸು ಇದ್ದರು. ಪೆನ್ಸಿಲ್ ಹಿಡಿದು ಪ್ರತಿ ಪುಟದ ಮೊತ್ತ ಕೂಡಿ ನೋಡುವ ಅಭ್ಯಾಸ ಅವರದು. ಎರಡನೇ ತಿಂಗಳು ಅವರೇ ಹಿಡಿದರು. ಸಾಲದ್ದಕ್ಕೆ ಪ್ರೀತಿಯಿಂದ ಕೇಳಿದರು, ಏನಮ್ಮಾ, ಮೊದಲ 40 ಜನರ ಮೇಲೆ ಯಾಕೆ ಸಿಟ್ಟು ಅಂತ.

ಓವರ್‌ರೈಡ್ ಅಂತ ಮೆಥಡ್‌ನ ಮೇಲೆ ಬರೆಯುವ ಗುರುತು ಜಾವಾದಲ್ಲಿ 2004ರಿಂದಲೇ ಇದೆ. ಅದನ್ನು ಬರೆದರೆ, ಮೇಲೆ ಅಂಥ ಮೆಥಡ್ ನಿಜವಾಗಲೂ ಇದೆಯಾ ಅಂತ ಕಂಪೈಲರ್ ನೋಡುತ್ತದೆ. ಆದರೆ ನನ್ನಂಥವಳಿಗೆ ಅದರಿಂದ ಉಪಯೋಗವಿಲ್ಲ. ಮೇಲೆ ಒಂದಿದೆ ಅಂತ ಗೊತ್ತಿದ್ದವನು ತಾನೆ ಗುರುತು ಹಾಕುವುದು? ಗೊತ್ತಿಲ್ಲದವನು ಹಾಕುವುದಿಲ್ಲ, ಜಾವಾ ಕಂಪೈಲರ್ ಕೇಳುವುದೂ ಇಲ್ಲ. ಕೋಟ್ಲಿನ್ ಅನ್ನುವ ಭಾಷೆ ಈ ವಿಷಯದಲ್ಲಿ ಗಟ್ಟಿ. ಮೇಲಿನ ಮೆಥಡ್‌ನ ಮೇಲೆ ಹೊಸದು ಬರೆಯುವಾಗ ಓವರ್‌ರೈಡ್ ಅಂತ ಹೇಳದಿದ್ದರೆ ಕಂಪೈಲೇ ಆಗುವುದಿಲ್ಲ.

ಬಳುವಳಿಯನ್ನು ಸದಾ ತೆರೆದಿಡಬೇಕು ಅಂತ ನಾನು ಹೇಳುವುದಿಲ್ಲ. ಜೆಪ್ಯಾನೆಲ್‌ನಂಥ ಕ್ಲಾಸಿಗೆ ಮೇಲಿನಿಂದ ಬಂದದ್ದೇ ನೂರಾರು. ದಿನವಿಡೀ ಕಣ್ಣೆದುರು ಅಷ್ಟು ಪಟ್ಟಿ ಇದ್ದರೆ ತನ್ನದೇ ಮೂರು ಮೆಥಡ್ ಸಿಗುವುದಿಲ್ಲ. ಎಕ್ಲಿಪ್ಸ್‌ನವರು ಎರಡನೇ ಸಲ ಒತ್ತಿದ ಮೇಲೆ ತೋರಿಸುವುದು ಸರಿಯಾಗಿಯೇ ಇದೆ. ಆದರೆ ಎರಡನೇ ಸಲ ಒತ್ತಬಹುದು ಅಂತ ಹುಡುಗನಿಗೆ ಯಾರಾದರೂ ಹೇಳಬೇಕಲ್ಲ.

ಹಾಗಾಗಿ ಒಂದು ತಿದ್ದುಪಡಿ ಹಾಕಿ ಅಂತ ವಿನಂತಿ. ನಿಮಗೆ ಬರೆಯುವ ತೊಂದರೆ ಬೇಡ ಅಂತ ನಾನೇ ಬರೆದಿಟ್ಟಿದ್ದೇನೆ: "ಔಟ್‌ಲೈನ್‌ನಲ್ಲಿ ಕಾಣುವುದು ತೆರೆದಿರುವ ಫೈಲಿನಲ್ಲಿ ಬರೆದದ್ದು ಮಾತ್ರ. ಮೇಲಿನ ಕ್ಲಾಸುಗಳಿಂದ ಬಂದ ಮೆಥಡ್‌ಗಳನ್ನು ನೋಡಲು ದಿಸ್ ಬರೆದು ಚುಕ್ಕೆ ಇಡಿ." ಎರಡೇ ವಾಕ್ಯ, ಜಾಸ್ತಿ ಜಾಗ ಹಿಡಿಯುವುದಿಲ್ಲ. ಮೂಲ ಅಂಕಣ ಬಂದ ಪುಟದಲ್ಲೇ ಹಾಕಿ. ಒಳಪುಟದ ಮೂಲೆಯಲ್ಲಿ ಹಾಕಿದರೆ ನಮ್ಮ ಅತ್ತೆಯವರ ಕಣ್ಣಿಗೆ ಬೀಳುವುದಿಲ್ಲ, ಅವರು ಇನ್ನೂ ನನ್ನನ್ನು ಪೂರ್ತಿ ನಂಬಿಲ್ಲ.

ಹುಡುಗ ಮೆಥಡ್‌ನ ಹೆಸರನ್ನು ರಸೀದಿ ಎತ್ತರ ಅಂತ ಬದಲಿಸಿದ್ದಾನೆ. ಪ್ಯಾನೆಲ್ ಪೂರ್ತಿ ಬೆಳ್ಳಗಾಗಿದೆ. ಮೊದಲ ರಸೀದಿ ನನ್ನದೇ, 501 ರೂಪಾಯಿ. ಮನೆ ನಂಬರ್ ಮಾತ್ರ ಕೆಳಗಿನ ಮನೆಯದು ಬಂದಿತ್ತು. ಅದು ಬೇರೆ ತಪ್ಪು, ಅವನೇ ಹುಡುಕುತ್ತಿದ್ದಾನೆ.

ನನ್ನ ಹೆಸರು ಹಾಕಬೇಡಿ. 2011ರ ಆ ಕಂಪನಿಯವರೂ ನಿಮ್ಮ ಪತ್ರಿಕೆ ಓದುತ್ತಾರೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು,
ಕೋಥ್ರೂಡ್, ಪುಣೆ